ಮುಳ್ಳು ನೋಡುತ್ತಿದ್ದವನು

ಡಿಸೆಂಬರ್ ನಾಲ್ಕಕ್ಕೆ ಶಾಲೆಗೆ ಕರೆತಂದದ್ದು ನಾನೇ.
ಬೆಟಗೇರಿಯಲ್ಲಿ ಸಮುದ್ರ ಕಂಡವರು ಹಲವರಿದ್ದಾರೆ,
ಗೋಕರ್ಣಕ್ಕೆ ಹೋಗಿ ಕಾಲು ತೋಯಿಸಿ ಬಂದವರು.
ಅದರ ಹೊಟ್ಟೆಯೊಳಗೆ ಹನ್ನೊಂದು ವರ್ಷ ದುಡಿದವರು
ಒಬ್ಬರೇ: ಹಿಟ್ಟಿನ ಗಿರಣಿ ಅಂದಾನೆಪ್ಪ.

ಇಸ್ತ್ರಿ ಅಂಗಿ. ಎದೆಗೆ ಎರಡು ಪದಕ.
ಹುಬ್ಬಿನಲ್ಲಿ ಮಾತ್ರ ನಿನ್ನೆಯ ಜೋಳದ ಹಿಟ್ಟು.
ಮೈಕು ಕುಂಯ್ ಅಂದಾಗ ಮಕ್ಕಳು ನಕ್ಕರು,
ಅವರೂ ನಕ್ಕರು.
ಎಪ್ಪತ್ತೊಂದರ ಆ ರಾತ್ರಿ, ಕರಾಚಿ, ಬೆಂಕಿ.
ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ
ಹಡಗು ಬರೆದಿದ್ದೆ, ಕ್ಷಿಪಣಿಗೆ ಕೆಂಪು ಬಾಲ.

ಆರನೇತ್ತೆಯ ಹುಡುಗ ಎದ್ದು ನಿಂತ:
“ಅಜ್ಜಾರ, ಯುದ್ಧ ಹೆಂಗ ಕಾಣತಿತ್ತು?”

“ನಾ ನೋಡಿಲ್ಲಪಾ.”

ಹೆಡ್ಮಾಸ್ತರು ನನ್ನ ಕಡೆ ತಿರುಗಿದರು.

“ನಾ ಕೆಳಗಿದ್ದೆ. ಇಂಜಿನ್ ಖೋಲ್ಯಾಗ.
ಅಲ್ಲಿ ಕಿಡಕಿ ಇರೂದಿಲ್ಲ.
ಗೋಡಿಗೆ ಒಂದ ಗಡಿಯಾರ. ತಾಸು ತೋರಿಸೂದಲ್ಲ,
ಎಣ್ಣಿ ಒತ್ತಡ ತೋರಿಸೂದು.
ಮುಳ್ಳ ಕೆಂಪ ಗೆರಿ ದಾಟಬಾರದು.
ಮ್ಯಾಲ ಏನೇನಾತೋ. ನಾ ಮುಳ್ಳ ನೋಡಿದೆ.
ಒಮ್ಮೆ ಕಾಲಾಗಿನ ತಗಡು ನಡುಗಿತು.
ನಮ್ಮದು ಹೋತೋ, ಅವರದು ಬಂತೋ, ತಿಳೀಲಿಲ್ಲ.
ಮುಳ್ಳ ನಡುಗಿ ಮತ್ತ ತನ್ನ ಜಾಗಾಕ್ಕ ಬಂತು.
ಮುಂಜಾನೆ ಯಾರೋ ಇಳಿದು ಬಂದು ಗೆದ್ದೀವಿ ಅಂದ್ರು.
ಅವತ್ತ ಚಾದೊಳಗ ಸಕ್ಕರಿ ಜಾಸ್ತಿ ಇತ್ತು.”

ಅಷ್ಟೇ ಭಾಷಣ.
ಚಪ್ಪಾಳೆ ಹೊಡೆಯಬೇಕೋ ಬೇಡವೋ ಎಂದು
ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು.

ಸಂಜೆ ಐದು ಸೇರು ಜೋಳ ಹಿಡಿದು ಗಿರಣಿಗೆ ಹೋದೆ,
ಅರ್ಧ ಬೀಸಿಸಲು, ಅರ್ಧ ಕ್ಷಮೆ ಕೇಳಲು.
ಪದಕದ ಅಂಗಿ ಮೊಳೆಗೆ ತೂಗುಬಿದ್ದಿತ್ತು, ಅದಕ್ಕೂ ಹಿಟ್ಟು.
ಅಂದಾನೆಪ್ಪ ಮಶೀನಿನ ಪಕ್ಕೆಗೆ ಅಂಗೈ ಇಟ್ಟು,
ಗಬ್ಬದ ಎಮ್ಮೆಯ ಹೊಟ್ಟೆ ಮುಟ್ಟಿ ನೋಡುವವರ ಹಾಗೆ,
“ಬೇರಿಂಗ್ ಸವದೈತಿ” ಅಂದರು. ನನಗಲ್ಲ.

ಆಮೇಲೆ ಹುಸೇನಸಾಬನ ಮಾತು ಬಂತು.
ನದಾಫರ ಓಣಿಯವನು, ಅರಳೆ ಹಿಂಜುವ ಮನೆ.
ಇಬ್ಬರೂ ಕೂಡಿಯೇ ಹುಬ್ಬಳ್ಳಿಗೆ ಭರ್ತಿಗೆ ಹೋದದ್ದು,
ಕೊಡಕ್ಕೆ ಕೊಡ ತಾಗಿಸಿ ಜಗಳಾಡುವ ಊರಿನವರು.
ಈಜು ಬರುತ್ತದೆಯೇ ಎಂದರೆ ಬರುತ್ತದೆ ಅಂದಿದ್ದ.
ನಡುವಿಗೆ ಸೋರೆಬುರುಡೆ ಕಟ್ಟಿಕೊಂಡು
ಬಾವಿಯಲ್ಲಿ ಮೂರು ಸುತ್ತು ಹಾಕಿದ್ದ ಅಷ್ಟೇ.
ಬುರುಡೆಯ ಸಂಗತಿ ಸಾಹೇಬರಿಗೆ ಹೇಳಿರಲಿಲ್ಲ.

ಅವನಿಗೆ ಬೇರೆ ಹಡಗು ಸಿಕ್ಕಿತು.
ಗೆದ್ದ ಐದನೆಯ ದಿನ, ದೀವ್ ದಂಡೆಯಾಚೆ, ರಾತ್ರಿ,
ನೀರಿನಡಿಯಿಂದ ಬಂತು.
ಮೇಲಿದ್ದ ಕೆಲವರು ಈಜಿದರು.
“ಅಂವ ಕೆಳಗಿದ್ದ.”

ಡಬ್ಬಿ ಕುಟ್ಟಿ ಕೊನೆಯ ಮುಷ್ಟಿ ಹಿಟ್ಟು ಕೆಡವಿದರು.
“ಟೀಚರ್, ಒಂದ ಮಾತು ಹುಡುಗರ ಮುಂದ ಹೇಳಲಿಲ್ಲ.
ನಾವು ಮುಳುಗಿಸಿದ್ವಲ್ಲ, ಆ ಹಡಗಿನ್ಯಾಗೂ
ಕೆಳಗ ಒಬ್ಬಾಂವ ಇದ್ದಿರತಾನ,
ಮುಳ್ಳ ನೋಡಕೋತ.”
ಚೀಲದ ಬಾಯಿ ಕಟ್ಟಿದರು. ತಡೆದು,
“ಪದಕ ನಂದ. ಬ್ಯಾಡ ಅನ್ನೂದಿಲ್ಲ.”

ಮನೆಗೆ ಬಂದು ಕೈ ಇಟ್ಟರೆ ಹಿಟ್ಟು ಇನ್ನೂ ಬಿಸಿ.
ಮರುದಿನ ಹಲಗೆ ಒರೆಸಲು ಹೋದಾಗ ನೋಡಿದೆ:
ನೀಲಿ ಗೆರೆಯ ಮೇಲೆ ಬಾವುಟ, ತೋಪು, ಹೊಗೆ,
ಟೊಪ್ಪಿಗೆಯ ಪುಟ್ಟ ಪುಟ್ಟ ಮನುಷ್ಯರು.
ಗೆರೆಯ ಕೆಳಗೆ ನಾನು ಏನೂ ಬರೆದಿರಲಿಲ್ಲ.

ಡಿಸೆಂಬರ್ ಒಂಬತ್ತಕ್ಕೆ ಗಿರಣಿ ಬಂದ್.
ಬೋರ್ಡು ಹಾಕುವುದಿಲ್ಲ. ಓಣಿಗೆ ಗೊತ್ತು,
ಎಂಟಕ್ಕೇ ಬೀಸಿಸಿಕೊಂಡುಬಿಡುತ್ತಾರೆ.
ಮಗ್ಗಗಳು ಎಂದಿನ ಹಾಗೆ ಬಡಿಯುತ್ತಿದ್ದವು.
ಹೊಸದಾಗಿ ಬಾಡಿಗೆಗೆ ಬಂದವಳೊಬ್ಬಳು ಗೋಧಿ ಹೊತ್ತು
ಮುಚ್ಚಿದ ಕದದ ಮುಂದೆ ನಿಂತಿದ್ದಳು.
“ಕರೆಂಟ್ ಹೋಗೇತೇನ್ರೀ?”

ಐತಿ, ಅಂದೆ.
ನಾಳೆ ಬರ್ರಿ.